ಸಾರಿದರೆ ಅಮೆರಿಕ, ಸೋರಿದರೆ ಕೆನಡಾ

ಮೇಡಂ ಊರಿಗೆ ಹೋದ ಮೇಲೆ ಒಮಾನಿನ ಅಲ್ ಖೌದ್‌ನ ಹೈಪರ್ ಮಾರ್ಕೆಟ್ಟಿನಲ್ಲಿ ಬಿಳಿಯರು ನಿರ್ಭಯವಾಗಿ ಓಡಾಡುತ್ತಿದ್ದಾರೆ. ಚೀಸ್ ಇಟ್ಟ ಕಪಾಟಿನ ಮುಂದೆ ಗಂಡ ಹೆಂಡತಿ ಎಷ್ಟು ಹೊತ್ತು ಬೇಕಾದರೂ ನಿಂತು ಮಾತಾಡಬಹುದು. ಹಿಂದಿನಿಂದ ಯಾರ ಟ್ರಾಲಿಯೂ ಬಂದು ಅವರ ಹಿಮ್ಮಡಿಗೆ ತಾಗುವುದಿಲ್ಲ. ಇದನ್ನು ನೆಮ್ಮದಿ ಅನ್ನಬೇಕೋ ನಷ್ಟ ಅನ್ನಬೇಕೋ ನನಗೆ ಇನ್ನೂ ತೀರ್ಮಾನವಾಗಿಲ್ಲ.

ಅವರು ನಮ್ಮ ಎದುರು ಫ್ಲ್ಯಾಟಿನವರು, ಮೈಸೂರಿನ ಕಡೆಯವರು. ಗಂಡ ನೀರಿನ ಪಂಪುಗಳ ಇಂಜಿನಿಯರು. ಮನೆಯಲ್ಲಿ ಮಾತಿನ ಖಾತೆಯನ್ನು ಪೂರ್ತಿಯಾಗಿ ಹೆಂಡತಿಗೆ ಬಿಟ್ಟುಕೊಟ್ಟು ಸುಖವಾಗಿದ್ದ ಮನುಷ್ಯ. ಮೇಡಂ ಕುಳ್ಳಗೆ, ದುಂಡಗೆ, ಯಾವಾಗಲೂ ಗಂಜಿ ಹಾಕಿದ ಕಾಟನ್ ಸೀರೆ. ಕೆಲವರು ಹೊಟ್ಟೆ ಮುಂದೆ ಮಾಡಿ ನಡೆಯುತ್ತಾರೆ, ಕೆಲವರು ಮೂಗು ಮುಂದೆ ಮಾಡಿ. ಮೇಡಂ ಬಲಗಿವಿಯನ್ನು ಮುಂದೆ ಮಾಡಿ ನಡೆಯುತ್ತಿದ್ದರು.

ಆ ಕಿವಿಗೆ ಒಂದು ಇತಿಹಾಸ ಉಂಟು. ಒಮಾನಿಗೆ ಬರುವ ಮೊದಲು ಅವರು ಬೆಂಗಳೂರಿನ ಕಾಲ್ ಸೆಂಟರಿನಲ್ಲಿದ್ದರು. ಸಮುದ್ರದಾಚೆಯ ಜನರ ಫ್ರಿಜ್ ಕೆಟ್ಟರೆ ಅಲ್ಲಿಂದ ಸಮಾಧಾನ ಹೇಳುವ ಕೆಲಸ. ಒಂದು ದಿನ ಯಾವುದೋ ಹೆಂಗಸಿಗೆ "ನೀವು ಅಮೆರಿಕದವರು ಬಹಳ ತಾಳ್ಮೆಯವರು" ಅಂದರಂತೆ. ಆ ಹೆಂಗಸು ಕೆನಡಾದವಳು. ಕೆಟ್ಟ ಫ್ರಿಜ್ಜನ್ನು ಮರೆತು, ಒಂದೇ ಒಂದು ಕೆಟ್ಟ ಮಾತಿಲ್ಲದೆ, ತಾನು ಅಮೆರಿಕದವಳು ಯಾಕಲ್ಲ ಅಂತ ಅವಳು ವಿವರಿಸಿದಳಂತೆ, ಐಸ್‌ಕ್ರೀಮೆಲ್ಲ ಕರಗಿ ನೆಲಕ್ಕೆ ಹರಿಯುವ ತನಕ.

"ಅಷ್ಟು ಮರ್ಯಾದೆಯಾಗಿ ನನ್ನನ್ನ ಯಾರೂ ಬೈದಿರ್ಲಿಲ್ಲ ಸಾಹೇಬ್ರೇ," ಅನ್ನುತ್ತಿದ್ದರು. ನನ್ನನ್ನು ಅವರು ಮೊದಲಿನಿಂದಲೂ ಕರೆಯುತ್ತಿದ್ದುದು ಸಾಹೇಬ್ರೇ ಅಂತ. ನಾನು ಉಪ್ಪಿನಂಗಡಿ ಕಡೆಯ ಬ್ಯಾರಿ. ಊರಿನಲ್ಲಿ ನನ್ನನ್ನು ಸಾಹೇಬ ಅಂದವರು ಯಾರೂ ಇಲ್ಲ. "ಅವತ್ತೇ ತೀರ್ಮಾನ ಮಾಡ್ದೆ. ಇನ್ಮೇಲೆ ಈ ಇಬ್ಬರನ್ನ ಅದಲು ಬದಲು ಮಾಡಲ್ಲ."

ಹಾಗೆ ಕಲಿತು ಕಲಿತು, ಕೊನೆಗೆ ಹುಡುಗ ಹುಡುಗಿಯರಿಗೆ ಉಚ್ಚಾರಣೆ ಕಲಿಸುವ ಟ್ರೈನರ್ ಆದರು. ಅವರ ಬಳಿ ಒಂದು ಸೂತ್ರ ಇತ್ತು. ಕ್ಷಮಿಸಿ ಅನ್ನುವ ಇಂಗ್ಲಿಷ್ ಮಾತನ್ನು ಅಮೆರಿಕದವನು ಬಾಯಿ ಅಗಲಿಸಿ 'ಸಾರಿ' ಅನ್ನುತ್ತಾನೆ, ಕೆನಡಾದವನು ತುಟಿ ಗುಂಡಗೆ ಮಾಡಿ 'ಸೋರಿ' ಅನ್ನುತ್ತಾನೆ.

"ಸಾರಿದರೆ ಅಮೆರಿಕ, ಸೋರಿದರೆ ಕೆನಡಾ. ನೆನಪಿಟ್ಕೊಳ್ಳಿ. ಡಂಗುರ ಸಾರಿದ ಹಾಗೆ ಹೇಳ್ತಾನಲ್ಲ, ಅವನು ಅಮೆರಿಕದವನು. ತೂತು ಬಿಂದಿಗೆ ಥರ ಸೋರ್ತಾನಲ್ಲ, ಅವನು ಕೆನಡಾದವನು."

ಒಮಾನಿಗೆ ಬಂದ ಮೇಲೆ ಕಾಲ್ ಸೆಂಟರೂ ಇಲ್ಲ, ಫ್ರಿಜ್ಜೂ ಇಲ್ಲ. ಆದರೆ ವಿದ್ಯೆ ತುಕ್ಕು ಹಿಡಿಯಬಾರದಲ್ಲ? ಅದಕ್ಕೇ ಟ್ರಾಲಿ. ಬಿಳಿಯರು ಕಂಡರೆ ಮೇಡಂ ಹಿಂದಿನಿಂದ ಹೋಗಿ ಮೆಲ್ಲಗೆ ತಾಗಿಸುತ್ತಿದ್ದರು. ಕೆನಡಾದವನಾದರೆ ಏಟು ತಿಂದವನೇ ಸೋರಿ ಅನ್ನುತ್ತಾನೆ ಅನ್ನುವುದು ಅವರ ಎರಡನೆಯ ಸೂತ್ರ. ಒಮ್ಮೆ ಒಬ್ಬ ಜರ್ಮನಿಯವನಿಗೆ ತಾಗಿಸಿ, ಅವನು ಹಾರಿ, ಟ್ಯೂನ ಮೀನಿನ ಡಬ್ಬಿಗಳ ಗೋಪುರ ಉರುಳಿ, ಎಲ್ಲವನ್ನೂ ಹೆಕ್ಕಿ ಜೋಡಿಸಿದ್ದು ನಾನು. ಮೇಡಂ ಪಕ್ಕದಲ್ಲಿ ನಿಂತು, "ಇವನು ಎರಡೂ ಅಲ್ಲ ಕಣ್ರೀ," ಅಂತ ವರದಿ ಕೊಟ್ಟರು.

ಮೂರನೆಯ ನಿಯಮ ಎಲ್ಲಕ್ಕಿಂತ ದೊಡ್ಡದು. ಎಂದಿಗೂ ನೇರವಾಗಿ ಕೇಳಬಾರದು. "ಕೇಳಿ ತಿಳ್ಕೊಳ್ಳೋದು ಪೊಲೀಸರ ಕೆಲಸ," ಅನ್ನುತ್ತಿದ್ದರು.

"ಕೇಳದಿದ್ರೆ ನೀವು ಹೇಳಿದ್ದು ಸರಿಯೋ ತಪ್ಪೋ ಗೊತ್ತಾಗುದು ಹೇಗೆ ಮೇಡಂ?" ಅಂತ ಒಮ್ಮೆ ಸೀಬ್‌ನ ಕಡಲ ಬದಿಯಲ್ಲಿ ಕೇಳಿದೆ. ಆಗಷ್ಟೇ ಅವರು ದೂರದಲ್ಲಿ ನಡೆಯುತ್ತಿದ್ದ ಜೋಡಿಯೊಂದನ್ನು ನೋಡಿ, ಗಂಡ ಅಮೆರಿಕ, ಹೆಂಡತಿ ಕೆನಡಾ ಅಂತ ತೀರ್ಪು ಕೊಟ್ಟಿದ್ದರು.

ಮೇಡಂ ನನ್ನನ್ನು ಕನಿಕರದಿಂದ ನೋಡಿದರು. "ನಾನೇ ಹೇಳಿದೆನಲ್ಲ ಸಾಹೇಬ್ರೇ. ಇನ್ನೇನು ಗೊತ್ತಾಗಬೇಕು?"

ಈ ವಿದ್ಯೆಯ ಮೇಲೆ ನನ್ನ ಅನ್ನ ನಿಲ್ಲುವ ದಿನ ಬರುತ್ತದೆ ಅಂತ ನಾನು ಕನಸಿನಲ್ಲೂ ನೆನಸಿರಲಿಲ್ಲ.

ನಾನು ಅಲ್ ಖೌದ್‌ನಲ್ಲಿ ಒಂದು ಸಣ್ಣ ಇಂಗ್ಲಿಷ್ ಕಲಿಸುವ ಸಂಸ್ಥೆಯ ಆಫೀಸು ನೋಡಿಕೊಳ್ಳುತ್ತೇನೆ. ಯಜಮಾನರು ಸುವೈಕ್ ಕಡೆಯ ಒಮಾನಿ. ಅವರನ್ನು ನಾವೆಲ್ಲ ಅರ್ಬಾಬ್ ಅನ್ನುತ್ತೇವೆ. ಒಳ್ಳೆಯ ಮನುಷ್ಯ. ಹಿಂದಿ, ಅರಬಿ, ಇಂಗ್ಲಿಷ್ ಮೂರನ್ನೂ ಒಂದೇ ವಾಕ್ಯದಲ್ಲಿ ಬೇಯಿಸಿ ಬಡಿಸುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ನನ್ನ ಭಾಷೆ ಯಾವುದು ಅಂತ ಕೇಳಿದ್ದರು. ಕನ್ನಡ ಅಂದೆ. ಅರಬಿಯಲ್ಲಿ ಕೆನಡಾ ದೇಶಕ್ಕೆ 'ಕನದಾ' ಅನ್ನುತ್ತಾರೆ. ಅರ್ಬಾಬ್ ಹುಬ್ಬೇರಿಸಿ, "ಮಾಶಾ ಅಲ್ಲಾ, ಕನದಾ!" ಅಂತ ನನ್ನ ಬೆನ್ನು ತಟ್ಟಿದರು. ನಾನು ಎಷ್ಟು ವಿವರಿಸಿದರೂ ಆ ಎರಡು ಶಬ್ದಗಳು ಅವರ ತಲೆಯಲ್ಲಿ ಬೇರೆಯಾಗಲಿಲ್ಲ. ಅಂದಿನಿಂದ ಕೆನಡಾಕ್ಕೆ ಸಂಬಂಧಪಟ್ಟ ಎಲ್ಲ ಕೆಲಸವೂ ನನ್ನ ಮೇಜಿಗೆ.

ಹಾಗಾಗಿ, ಕೆನಡಾದ ಒಂದು ಕಾಲೇಜು ನಮ್ಮ ಸಂಸ್ಥೆಯ ಜೊತೆ ಒಪ್ಪಂದಕ್ಕೆ ಮನಸ್ಸು ಮಾಡಿದಾಗ, ಅವರ ಮೊದಲ ಷರತ್ತು ಕೆನಡಾದ ಒಬ್ಬ ಅಧ್ಯಾಪಕ ಇರಬೇಕು ಅನ್ನುವುದಾದಾಗ, ಅರ್ಬಾಬ್ ನನ್ನನ್ನು ಕರೆದು ಹೇಳಿದ್ದು ಇಷ್ಟೇ: "ನಿನ್ನ ಊರಿನವನು ಒಬ್ಬನನ್ನು ಹುಡುಕು. ಯಲ್ಲಾ, ಜಲ್ದಿ."

ತಮಾಷೆಯ ಮಾತಲ್ಲ. ಆ ಒಪ್ಪಂದ ಆಗದಿದ್ದರೆ ಸಂಸ್ಥೆಯ ಬಾಗಿಲು ಹಾಕುವುದೇ ಅಂತ ಎಲ್ಲರಿಗೂ ಗೊತ್ತಿತ್ತು. ಬಾಗಿಲು ಹಾಕಿದರೆ ನನ್ನ ವೀಸಾ ಖಲಾಸ್. ಮಗಳು ಸೀಬ್‌ನ ಶಾಲೆಯಲ್ಲಿ ಹತ್ತನೆಯ ತರಗತಿಯಲ್ಲಿದ್ದಳು. ಅವಳಿಗೆ ನಾನು ಏನೂ ಹೇಳಿರಲಿಲ್ಲ; ಅವಳಿಗೆ ಎಲ್ಲ ಗೊತ್ತಿತ್ತು. "ಡೋಂಟ್ ವರಿ ಬಾಪಾ," ಅಂತ ಒಂದು ಬೆಳಿಗ್ಗೆ ಸುಮ್ಮನೆ ಅಂದಳು. ಆಮೇಲೆ ನನಗೆ ಜಾಸ್ತಿ ಚಿಂತೆಯಾಯಿತು.

ಅಂತೂ ಮೇಷ್ಟ್ರು ಸಿಕ್ಕಿದರು. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಉದ್ದ. ಹೆಗಲ ಚೀಲದ ಮೇಲೆ ಕೆನಡಾದ ಬಾವುಟದ ಕೆಂಪು ಎಲೆ ಹೊಲಿದಿತ್ತು. ಪಾಸ್‌ಪೋರ್ಟ್ ಕೆನಡಾದ್ದೇ. ವೀಸಾ ಮಾಡಿಸಿದವನು ನಾನೇ ಆದ್ದರಿಂದ ಅದರಲ್ಲಿ ಸಂಶಯ ಇಲ್ಲ. ಹುಡುಗರಿಗೆ ಬಹಳ ಇಷ್ಟವಾದರು. 'ಉಸ್ತಾದ್ ಕನದಾ' ಅಂತ ಹೆಸರಿಟ್ಟರು. ಅರ್ಬಾಬ್ ಕೆನಡಾಕ್ಕೆ ಫೋನು ಮಾಡಿ, ನಮ್ಮಲ್ಲಿರುವುದು ಅಪ್ಪಟ ಮಾಲು, ಹಿಮದಲ್ಲೇ ಹುಟ್ಟಿ ಹಿಮದಲ್ಲೇ ಬೆಳೆದವನು ಅಂತ ಹೇಳಿಬಿಟ್ಟರು. ಸಂಸ್ಥೆ ನೋಡಲು ಕಾಲೇಜಿನಿಂದ ಒಬ್ಬ ಹಿರಿಯ ಮೇಲ್ವಿಚಾರಕಿ ಬರುವುದು ನಿಶ್ಚಯವಾಯಿತು.

ಅದಕ್ಕೆ ಒಂದೂವರೆ ವಾರ ಇರುವಾಗ ಮೇಡಂ ಚಿತ್ರಾನ್ನದ ಡಬ್ಬಿ ಹಿಡಿದು ನಮ್ಮ ಆಫೀಸಿಗೆ ಬಂದರು. ಕಾರಿಡಾರಿನಲ್ಲಿ ಮೇಷ್ಟ್ರು ಎದುರಾದರು. ಡಬ್ಬಿ ಅವರ ಮೊಣಕೈಗೆ ತಾಗಿತು. ತಾನಾಗಿ ತಾಗಿತೋ, ತಾಗಿಸಿದರೋ, ನಾನು ನೋಡಲಿಲ್ಲ. ಮೇಷ್ಟ್ರು ಬಗ್ಗಿ ಏನೋ ಅಂದು ಹೋದರು. ಮೇಡಂ ಒಳಗೆ ಬಂದು ಬಾಗಿಲು ಹಾಕಿದರು.

"ಸಾಹೇಬ್ರೇ, ನಿಮ್ಮ ಮೇಷ್ಟ್ರು ಸಾರಿದರು."

"ಎಂಥದ್ದು?"

"ಸೋರಲಿಲ್ಲ. ಸಾರಿದರು. ಅದೂ ಎಂಥ ಸಾರು! ಎಳೆದು ಎಳೆದು. ಇವನು ಅಮೆರಿಕದ ದಕ್ಷಿಣದವನು. ಟೆಕ್ಸಾಸ್."

"ಪಾಸ್‌ಪೋರ್ಟ್ ನಾನೇ ನೋಡಿದ್ದೇನೆ ಮಾರಾಯ್ರೆ!"

"ಪಾಸ್‌ಪೋರ್ಟ್ ಜೇಬಲ್ಲಿರತ್ತೆ. ನಾಲಿಗೆ ಬಾಯಲ್ಲಿರತ್ತೆ," ಅಂದರು ಮೇಡಂ.

ಮೇಷ್ಟ್ರನ್ನು ಚಹಾಕ್ಕೆ ಕರೆದೆ, ಮೇಡಂ ಅಲ್ಲೇ ಇದ್ದರು. ಮೇಷ್ಟ್ರು ಬಂದು ಕೂತರು. ನಾನು ಸುತ್ತಿ ಬಳಸಿ ಮಾತು ತೆಗೆಯುವುದರೊಳಗೆ ಅವರೇ ಕಪ್ಪು ಕೆಳಗಿಟ್ಟು, "ನಿಮಗೆ ಗೊತ್ತಾಯಿತಲ್ಲ?" ಅಂದರು. ತಾಯಿ ಕೆನಡಾದ ಮ್ಯಾನಿಟೋಬಾದವರು, ಹಾಗಾಗಿ ಪಾಸ್‌ಪೋರ್ಟ್ ನ್ಯಾಯವಾದದ್ದೇ. ಆದರೆ ಹುಟ್ಟಿದ್ದು, ಬೆಳೆದದ್ದು, ಓದಿದ್ದು ಎಲ್ಲ ಟೆಕ್ಸಾಸಿನಲ್ಲಿ. ಕೆನಡಾ ನೋಡಿದ್ದು ಎರಡೇ ಸಲ. ಒಮ್ಮೆ ಅಜ್ಜಿಯನ್ನು ನೋಡಲು, ಇನ್ನೊಮ್ಮೆ ಅಜ್ಜಿಯನ್ನು ಮಣ್ಣು ಮಾಡಲು. ಮತ್ತೆ ಈ ಕೆಂಪು ಎಲೆ? "ಅಮೆರಿಕದವನು ಅಂದರೆ ಎಲ್ಲ ಊರಿನಲ್ಲೂ ಟ್ಯಾಕ್ಸಿಯವರು ನನ್ನ ಜೊತೆ ರಾಜಕೀಯ ಜಗಳ ತೆಗೆಯುತ್ತಾರೆ. ಕೆನಡಾ ಅಂದರೆ ಚಹಾ ಕೊಡುತ್ತಾರೆ," ಅಂದರು.

ಕಾಗದದ ಮೇಲೆ ತಪ್ಪಿಲ್ಲ, ಸರಿ. ಆದರೆ ಅರ್ಬಾಬ್ ಹಿಮದ ಕಥೆ ಹೇಳಿಯಾಗಿದೆ. ಬರುವ ಹೆಂಗಸು ಕೆನಡಾದವಳು. ಈ ಮನುಷ್ಯ ಬಾಯಿ ತೆರೆದ ಕ್ಷಣ, ಈ ಸಂಸ್ಥೆ ಸುಳ್ಳು ಹೇಳುತ್ತದೆ ಅಂತ ಅವಳು ತಿಳಿಯುವುದಿಲ್ಲವಾ?

ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಒಂದು ವಾರ ಕೊಡಿ ನಂಗೆ."

ಮರುದಿನದಿಂದ ಮಧ್ಯಾಹ್ನ ಖಾಲಿ ಕ್ಲಾಸಿನಲ್ಲಿ, ಟೆಕ್ಸಾಸಿನ ಗಂಡಸಿಗೆ ಮೈಸೂರಿನ ಹೆಂಗಸು ಕೆನಡಾದ ಇಂಗ್ಲಿಷ್ ಕಲಿಸುವ ಪಾಠ ಶುರುವಾಯಿತು.

"ಸೋರಿ," ಅನ್ನುವರು ಮೇಡಂ.

"ಸಾಆರಿ, ಮ್ಯಾಮ್."

"ಡಂಗುರ ಬೇಡಾಪ್ಪ! ಸಾಹೇಬ್ರೇ, ಸೋರೋದು ಅಂದ್ರೆ ಏನು ಅಂತ ಇವರಿಗೆ ಹೇಳಿ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮೇಷ್ಟ್ರು ಗಂಭೀರವಾಗಿ ಬರೆದುಕೊಂಡರು. ಆಮೇಲೆ ಮೇಡಂ ಅವರಿಂದ ಕುರ್ಚಿಗೆ ಕ್ಷಮೆ ಕೇಳಿಸಿದರು, ಫ್ಯಾನಿಗೆ ಕೇಳಿಸಿದರು, ಬಾಗಿಲಿಗೆ ತಲೆ ತಾಗಿಸಿಕೊಂಡಾಗ ಬಾಗಿಲಿಗೂ ಕೇಳಿಸಿದರು. ಇಂಗ್ಲಿಷ್ ಅಕ್ಷರಮಾಲೆಯ ಕೊನೆಯದನ್ನು 'ಜೀ' ಅನ್ನಬಾರದು, ನಮ್ಮ ಹಾಗೆ 'ಜೆಡ್' ಅನ್ನಬೇಕು. ಎಲ್ಲಕ್ಕಿಂತ ಕಷ್ಟವಾದದ್ದು 'ಯಾಲ್'. ಎದುರಿಗೆ ಒಬ್ಬರಿಗಿಂತ ಹೆಚ್ಚು ಜನ ಇದ್ದರೆ ಟೆಕ್ಸಾಸಿನವರ ಬಾಯಲ್ಲಿ ತಾನಾಗಿ ಬರುವ ಸಂಬೋಧನೆ ಅದು, ನಮ್ಮಲ್ಲಿ 'ನೀವೆಲ್ಲ' ಅಂದ ಹಾಗೆ. ಅದು ಬಂದಾಗಲೆಲ್ಲ ಮೇಡಂ ಫುಟ್‌ರೂಲರಿನಿಂದ ಮೇಜಿಗೆ ಹೊಡೆಯುತ್ತಿದ್ದರು. ಪಕ್ಕದ ಕೋಣೆಯಲ್ಲಿದ್ದ ಹುಡುಗರು ಗೋಡೆಗೆ ಕಿವಿ ಕೊಟ್ಟು ಕೇಳುತ್ತಿದ್ದರು.

ನಾಲ್ಕನೆಯ ದಿನ ಮೇಷ್ಟ್ರು ಕೈ ಚೆಲ್ಲಿದರು. "ಮ್ಯಾಮ್, ನಾನು ಯಾರು ಅನ್ನುವುದೇ ನನಗೆ ಮರೆತುಹೋಗುತ್ತಿದೆ."

"ಮೊದಲು ಊಟ ಮಾಡಿ," ಅಂದು ಮೇಡಂ ಬಿಸಿಬೇಳೆ ಬಾತು ಬಡಿಸಿದರು. ಮೇಷ್ಟ್ರು ಬಾಯಿಗಿಟ್ಟರು, ಮೆಣಸಿನಕಾಯಿ ಕಚ್ಚಿದರು, ಕಣ್ಣಲ್ಲಿ ನೀರು ಬಂತು. ಮೇಡಂ ನೀರಿನ ಲೋಟ ಮುಂದೆ ಮಾಡುವಾಗ ಅರ್ಧ ಅವರ ಅಂಗಿಯ ಮೇಲೆ ಚೆಲ್ಲಿತು. ಮೇಷ್ಟ್ರು ಯೋಚನೆಯೇ ಮಾಡದೆ ಅಂದರು: "ಸೋರಿ."

ಬಹಳ ಚೆನ್ನಾಗಿ ಸೋರಿತ್ತು ಅದು. ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದವನು, ಮೇಷ್ಟ್ರ ಮುಖ ನೋಡಿ ಇಳಿಸಿದೆ.

"ಅದು ನನ್ನ ಅಮ್ಮನ ದನಿ," ಅಂದರು ಅವರು. ಅಮ್ಮ ಹಾಗೇ ಹೇಳುತ್ತಿದ್ದಳಂತೆ. ಅಪ್ಪ, ಅಣ್ಣಂದಿರು, ಇವರೂ ಸೇರಿ ಊಟದ ಮೇಜಿನಲ್ಲಿ ಅಣಕಿಸಿ ಅಣಕಿಸಿ ನಗುತ್ತಿದ್ದರಂತೆ. ಯಾವಾಗ ಅವಳು ಅದನ್ನು ಬಿಟ್ಟು ಟೆಕ್ಸಾಸಿನವರ ಹಾಗೆ ಮಾತಾಡತೊಡಗಿದಳೋ ಯಾರಿಗೂ ಗೊತ್ತಾಗಲಿಲ್ಲ. ಈಗ ಕೇಳೋಣವೆಂದರೆ ಅಮ್ಮ ಇಲ್ಲ.

ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ಅದು ಶುಭ್ರವಾಗಿಯೇ ಇತ್ತು. "ಇವತ್ತಿಗೆ ಸಾಕು," ಅಂದು ಡಬ್ಬಿ ಮುಚ್ಚಿದರು. ಆ ದಿನದ ನಂತರ ಅವರು ಫುಟ್‌ರೂಲರ್ ತರಲಿಲ್ಲ.

ಮೇಲ್ವಿಚಾರಕಿ ಬಂದ ದಿನ ಅರ್ಬಾಬ್ ಬಿಳಿ ದಿಶ್ದಾಶಾ ನಿಲುವಂಗಿ ತೊಟ್ಟು, ಸೊಂಟಕ್ಕೆ ಬೆಳ್ಳಿಯ ಖಂಜರ್ ಬಾಕು ಕಟ್ಟಿ, ಮದುವೆಗೆ ಬಂದ ಹಾಗೆ ನಿಂತಿದ್ದರು. ಹಲ್ವಾ, ಖರ್ಜೂರ, ಕಾವಾ ಅನ್ನುವ ಅರಬಿ ಕಾಫಿ ಎಲ್ಲ ತಳ್ಳುಗಾಡಿಯಲ್ಲಿ ಸಿದ್ಧ. ಮೇಡಮ್ಮನ್ನು ಉಚ್ಚಾರಣೆಯ ತಜ್ಞೆ ಅಂತ ಕೂರಿಸಿದ್ದೆವು. ಬಂದವರು ಬೆಳ್ಳಿ ಕೂದಲಿನ, ಕೆಂಪು ಕೆನ್ನೆಯ ಸಣ್ಣ ಮುದುಕಿ. ಒಳಗೆ ಕಾಲಿಟ್ಟವರೇ ಒಂದು ದೊಡ್ಡ ವಾಕ್ಯ ಹೇಳಿದರು. ನಮಗೆ ಒಂದು ಶಬ್ದವೂ ಅರ್ಥವಾಗಲಿಲ್ಲ.

"ಕ್ಯಾ ಬೋಲಾ?" ಅಂತ ಅರ್ಬಾಬ್ ನನ್ನನ್ನು ಕೇಳಿದರು. "ನಿನ್ನ ಭಾಷೆಯಲ್ಲವಾ?"

ನಾನು ಮೇಡಮ್ಮನ ಮುಖ ನೋಡಿದೆ. ಅವರ ಬಲಗಿವಿ ಕೆಂಪಾಗಿತ್ತು. "ಸಾಹೇಬ್ರೇ," ಅಂತ ನನ್ನ ಕಡೆ ಬಗ್ಗಿ ಪಿಸುಗುಟ್ಟಿದರು, "ಮೋಸ. ಈಕೆ ಕೆನಡಾದವಳೇ ಅಲ್ಲ. ಇದು ಐರ್ಲೆಂಡು!"

"ಸುಮ್ಮನಿರಿ ಮೇಡಂ!"

"ಸೋರತ್ತಾ ನೋಡ್ತೀನಿ ಇರಿ."

ನಾನು ತಡೆಯುವುದರೊಳಗೆ ಎದ್ದರು. ಅತಿಥಿಸತ್ಕಾರದ ನಗೆ ಬೀರುತ್ತ ಕಾವಾದ ತಳ್ಳುಗಾಡಿ ತಳ್ಳಿಕೊಂಡು ಹೋಗಿ, ಸೀದಾ ಆ ಮುದುಕಿಯ ಕಾಲಿಗೆ ಗುದ್ದಿದರು. ಖರ್ಜೂರ ಉರುಳಿತು. ಅರ್ಬಾಬ್ ಕಣ್ಣು ಮುಚ್ಚಿದರು. ಮುದುಕಿ ಸಾರಲೂ ಇಲ್ಲ, ಸೋರಲೂ ಇಲ್ಲ. ಮೇಡಮ್ಮನ ಕೆನ್ನೆ ತಟ್ಟಿ ಏನೋ ಅಂದರು. ಮೇಡಂ ಕಂಗಾಲಾಗಿ ಹಿಂದಕ್ಕೆ ಬಂದರು.

"ಏನಂದ್ರು?"

"ನನ್ನನ್ನ ಬಾತುಕೋಳಿ ಅಂದ್ರು."

ಅಲ್ಲಿಗೆ ಮೇಡಮ್ಮನ ಸಹನೆ ಮುಗಿಯಿತು. ಇಡೀ ಜನ್ಮದಲ್ಲಿ ಮುರಿಯದ ನಿಯಮವನ್ನು ನಮ್ಮೆಲ್ಲರ ಎದುರಿಗೆ ಮುರಿದರು. "ಕ್ಷಮಿಸಿ, ನೀವು ಐರ್ಲೆಂಡಿನವರಾ?" ಅಂತ ನೇರವಾಗಿ ಕೇಳಿಬಿಟ್ಟರು.

ಮುದುಕಿ ಒಂದು ಕ್ಷಣ ನೋಡಿದರು. ಆಮೇಲೆ ಕುರ್ಚಿ ಅಲುಗುವ ಹಾಗೆ ನಕ್ಕರು. ನಿಧಾನವಾಗಿ, ನಮಗೆಲ್ಲ ಅರ್ಥವಾಗುವ ಹಾಗೆ ಹೇಳಿದರು. ಅವರದ್ದು ನ್ಯೂಫೌಂಡ್‌ಲ್ಯಾಂಡ್, ಕೆನಡಾದ ಪೂರ್ವದ ತುದಿಯಲ್ಲಿರುವ ದೊಡ್ಡ ದ್ವೀಪ. ಹಿಂದೆ ಐರ್ಲೆಂಡಿನಿಂದ ಮೀನು ಹಿಡಿಯಲು ಬಂದವರ ಮಾತು ಅಲ್ಲಿ ಹಾಗೇ ಉಳಿದಿದೆ. ಬಾತುಕೋಳಿ ಅನ್ನುವುದು ಅಲ್ಲಿ ಪ್ರೀತಿಯ ಮಾತು. ಟೊರಾಂಟೊದಲ್ಲೂ ಜನ ಅವರನ್ನು ಇದೇ ಪ್ರಶ್ನೆ ಕೇಳುತ್ತಾರಂತೆ. ದ್ವೀಪ ಕೆನಡಾಕ್ಕೆ ಸೇರಿದ್ದೇ ತಡವಾಗಿ. "ನನ್ನ ಅಪ್ಪ ಸಾಯುವ ತನಕ ತಾನು ಕೆನಡಾದವನು ಅಂತ ಒಪ್ಪಲೇ ಇಲ್ಲ," ಅಂದರು.

ಎಲ್ಲರೂ ನಕ್ಕೆವು. ಅರ್ಬಾಬ್ ಅರ್ಥವಾಗದೆಯೂ ನಕ್ಕರು. ಆದರೆ ಪಾಠ ನೋಡುವುದು ಬಾಕಿ ಇತ್ತು. ಮುದುಕಿ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತರು. ಮೇಷ್ಟ್ರು ಒಳಗೆ ಬಂದರು, ಎಂದಿನಂತೆ ಬಾಗಿಲಿಗೆ ತಲೆ ತಾಗಿತು. ಹಣೆ ಉಜ್ಜಿಕೊಳ್ಳುತ್ತ ಮಕ್ಕಳ ಕಡೆ ತಿರುಗಿ, ನಿಷ್ಕಳಂಕವಾದ ಕೆನಡಾದ ಉಚ್ಚಾರದಲ್ಲಿ ಅಂದರು: "ಸೋರಿ." ಮೇಡಂ ನನ್ನ ಕೈ ಒತ್ತಿದರು. ಮೇಷ್ಟ್ರಿಗೆ ಆ ಸಂತೋಷ ತಡೆಯಲಾಗಲಿಲ್ಲ. "ಸೋರಿ, ಯಾಲ್!" ಅಂದರು.

ಮೇಡಂ ಸೆರಗಿನಿಂದ ಮುಖ ಮುಚ್ಚಿಕೊಂಡರು. ನಾನು ಉಪ್ಪಿನಂಗಡಿಯಲ್ಲಿ ಯಾವ ಅಂಗಡಿ ಬಾಡಿಗೆಗೆ ಸಿಗಬಹುದು ಅಂತ ಯೋಚಿಸಿದೆ. ಮುಂದಿನ ಬೆಂಚಿನ ಸುವೈಕ್‌ನ ಹುಡುಗರು ಒಟ್ಟಾಗಿ, ಪರಮ ವಿಧೇಯತೆಯಿಂದ, "ಸೋರಿ, ಯಾಲ್," ಅಂತ ಮರುನುಡಿದರು.

ಹಿಂದಿನ ಬೆಂಚಿನಿಂದ ಮುದುಕಿ ಎದ್ದು ಬಂದರು. "ಟೆಕ್ಸಾಸಿನಲ್ಲಿ ಎಲ್ಲಿ?" ಅಂತ ಕೇಳಿದರು.

ಮೇಷ್ಟ್ರು ಸುಳ್ಳು ಹೇಳಲಿಲ್ಲ. ಊರಿನ ಹೆಸರು ಹೇಳಿದರು. ಹಿಮದಲ್ಲಿ ಬೆಳೆದಿಲ್ಲ ಅಂದರು. ಅಷ್ಟರಲ್ಲಿ ಮೇಡಂ ಎದ್ದು ನಿಂತರು. "ಅವರ ತಪ್ಪಿಲ್ಲ. ಹಾಗೆ ಮಾತಾಡೋಕೆ ಕಲಿಸಿದ್ದು ನಾನು. ಒಂದು ವಾರದಿಂದ. ಬೈಯೋದಾದ್ರೆ ನನ್ನನ್ನ ಬೈಯಿರಿ, ಕೆನಡಾದವರ ಹತ್ತಿರ ಬೈಸಿಕೊಂಡು ಅಭ್ಯಾಸ ಇದೆ," ಅಂತ ಇಂಗ್ಲಿಷಿನಲ್ಲಿ ಹೇಳಿದರು.

ಮುದುಕಿ ಮೇಷ್ಟ್ರನ್ನೇ ನೋಡುತ್ತಿದ್ದರು. "ಆ ಸೋರಿ ಕಲಿತದ್ದಲ್ಲ. ಅದು ಮನೆಯಿಂದ ಬಂದದ್ದು. ಯಾರದು?"

"ಅಮ್ಮನದು. ಮ್ಯಾನಿಟೋಬಾ."

"ಹಾಗೇ ಕೇಳಿತು," ಅಂದರು ಮುದುಕಿ. ಹೋಗಿ ಮತ್ತೆ ಹಿಂದಿನ ಬೆಂಚಿನಲ್ಲಿ ಕೂತು, ಪಾಠ ಮುಂದುವರಿಸಿ ಅಂತ ಕೈ ಸನ್ನೆ ಮಾಡಿದರು. ಆ ದಿನ ಮೇಷ್ಟ್ರು ಟೆಕ್ಸಾಸಿನ ನಾಲಿಗೆಯಲ್ಲೇ ಪಾಠ ಮಾಡಿದರು. ಹುಡುಗರು ಮೀನು ಹಿಡಿಯುವ ಬಗ್ಗೆ ಮಾತಾಡಿದರು, ಮುದುಕಿ ತನ್ನ ದ್ವೀಪದ ಮೀನಿನ ಬಗ್ಗೆ ಮಾತಾಡಿದರು. ಸುವೈಕ್ ಕರಾವಳಿಗೂ ಆ ದ್ವೀಪಕ್ಕೂ ಮೀನಿನ ವಿಷಯದಲ್ಲಿ ಜಗಳವೇ ಹತ್ತಿತು. ಎಲ್ಲ ಇಂಗ್ಲಿಷಿನಲ್ಲಿ. ಹೊರಡುವಾಗ ಮುದುಕಿ ಅರ್ಬಾಬ್‌ಗೆ, "ನಿಮ್ಮ ಹುಡುಗರಿಗೆ ಮಾತು ಬರುತ್ತದೆ. ನನಗೆ ಅಷ್ಟು ಸಾಕು. ಹಿಮದ ಕಥೆ ಮಾತ್ರ ಇನ್ನು ಬೇಡ," ಅಂದರು. ಒಪ್ಪಂದ ಆಯಿತು. ಸಂಸ್ಥೆ ಈಗಲೂ ನಡೆಯುತ್ತಿದೆ. ಮಗಳು ಸೀಬ್‌ನ ಶಾಲೆಯಲ್ಲೇ ಹನ್ನೆರಡನೆಯ ತರಗತಿ ಮುಗಿಸಿದಳು.

ಕಳೆದ ತಿಂಗಳು ಮೇಡಮ್ಮನ ಗಂಡ ನಿವೃತ್ತರಾದರು. ಏರ್‌ಪೋರ್ಟಿಗೆ ನಾನೇ ಬಿಟ್ಟು ಬಂದೆ. ಗಂಡ ನನ್ನ ಕೈ ಹಿಡಿದು, "ಬರ್ತೀವಿ," ಅಂದರು. ಇಷ್ಟು ವರ್ಷದಲ್ಲಿ ಅವರು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದೇ ಇರಬೇಕು. ಮೇಡಂ ಅಳಲಿಲ್ಲ. ಮುಂದಿನ ಸಾಲಿನಲ್ಲಿ ಒಬ್ಬ ಬಿಳಿಯ ನಿಂತಿದ್ದ, ಅವನ ಮೇಲೆ ಗಮನ ಇತ್ತು.

ಮೊನ್ನೆ ಶುಕ್ರವಾರ ಫೋನು ಬಂತು.

"ಸಾಹೇಬ್ರೇ, ನನಗೆ ಅವಮಾನ ಆಯ್ತು ಕಣ್ರೀ."

"ಯಾರು ಮಾಡಿದ್ದು?"

"ಆಟೋದವನು. ರೈಲಿಳಿದು ಸ್ಟೇಷನ್ನಿಂದ ಹೊರಗೆ ಬಂದ್ವಿ. ಸಾಮಾನು ಸ್ವಲ್ಪ ಜಾಸ್ತಿ ಉಂಟು ಮಾರಾಯ್ರೆ, ಹೋಗುವಾ, ಅಂದೆ. ಅಷ್ಟೇ ಅಂದಿದ್ದು. ಅವನು ನನ್ನನ್ನ ಮೇಲಿಂದ ಕೆಳಗೆ ನೋಡಿ, ಮೇಡಂ ಮಂಗ್ಳೂರು ಕಡೆಯೋರಾ, ಮೈಸೂರು ಇದೇ ಮೊದಲ ಸಲಾನಾ, ಅಂದ!"

ನನಗೆ ನಗು ತಡೆಯಲಾಗಲಿಲ್ಲ. "ಮತ್ತೆ ನೀವು ಅಲ್ಲ ಅನ್ನಲಿಲ್ವಾ?"

"ಅನ್ನಬೇಕು ಅಂತ ಬಾಯಿ ತೆಗೆದೆ. ಇವರು ಪಕ್ಕದಲ್ಲಿ ಕೂತು ನಗ್ತಾ ಇದ್ದಾರೆ, ಜೀವಮಾನದಲ್ಲಿ ನಕ್ಕಿಲ್ಲ ಹಾಗೆ. ಅಷ್ಟು ಹೊತ್ತಿಗೆ ಆ ಹುಡುಗ ಆಟೋ ತಿರುಗಿಸೇಬಿಟ್ಟಿದ್ದ. ಬನ್ನಿ ಮೇಡಂ, ಹೊಸಬರು, ಊರು ತೋರಿಸಿಕೊಂಡು ಹೋಗ್ತೀನಿ ಅಂತ. ಸುತ್ತು ಹಾಕಿ ಅರಮನೆ ಮುಂದೆ ನಿಲ್ಲಿಸಿ, ಇದೇ ನೋಡಿ ಮೇಡಂ ಅರಮನೆ, ಅಂದ."

"ನೀವೇನು ಮಾಡಿದ್ರಿ?"

"ಏನು ಮಾಡೋದು? ಇಳಿದು ನೋಡ್ದೆ ಕಣ್ರೀ. ಚೆನ್ನಾಗೇ ಇದೆ."